ಅತ್ತಿಗೆಯ ಶುಂಠಿ, ಅಳಿಯನ ಪುಡಿ

ಅತ್ತಿಗೆಯ ಮುಖವನ್ನು ಅವಳನ್ನು ಕೇಳದೆ ಶುಂಠಿ ಚಹಾ ಪುಡಿಯ ಪೊಟ್ಟಣದ ಮೇಲೆ ಅಚ್ಚು ಹಾಕಿಸಿದರು. ಮುಖದ ಕೆಳಗೆ ಐದು ಸಾಲುಗಳಿದ್ದವು. ನೆಗಡಿ ಓಡಿಸುತ್ತದೆ. ಕೀಲುನೋವು ಕೀಳುತ್ತದೆ. ಸಕ್ಕರೆ ಕಾಯಿಲೆ ಗುಣಪಡಿಸುತ್ತದೆ. ರಕ್ತದೊತ್ತಡವನ್ನು ಬೇರುಸಹಿತ ತೆಗೆಯುತ್ತದೆ. ಐದನೆಯದು ದಪ್ಪಕ್ಷರದಲ್ಲಿತ್ತು: ‘ಇನ್ನು ಮಾತ್ರೆ ಬೇಡ, ನನ್ನ ಮಾತು ನಂಬಿ.’

ಆ ಮಾತನ್ನು ಅತ್ತಿಗೆ ಆಡಿರಲಿಲ್ಲ.

ನಮ್ಮದು ಅಂಗಿ ಹೊಲಿಯುವ ಕಾರ್ಖಾನೆ. ನಾಲ್ಕು ಲೈನು ಮಷೀನು, ಲೈನಿಗೆ ಐವತ್ತು ಹೆಂಗಸರು. ನೂಲಿನ ಧೂಳು ಇಡೀ ದಿನ ಗಾಳಿಯಲ್ಲಿ ತೇಲುತ್ತಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಒಬ್ಬೊಬ್ಬಳ ಗಂಟಲಲ್ಲೂ ಒಂದು ದಿಂಬಿಗಾಗುವಷ್ಟು ಹತ್ತಿ. ಕಿಟಕಿ ತೆರೆದರೆ ಬಿಳಿ ಬಟ್ಟೆಗೆ ಮಣ್ಣು ಕೂರುತ್ತದೆಂದು ಕಿಟಕಿಗಳಿಗೆ ಮೊಳೆ ಹೊಡೆದಿದ್ದಾರೆ. ಬಟ್ಟೆಗಿರುವ ಮರ್ಯಾದೆ ನಮ್ಮ ಎದೆಗಿಲ್ಲ.

ಅತ್ತಿಗೆ, ಅಂದರೆ ನನ್ನ ಅಣ್ಣನ ಹೆಂಡತಿ, ಹೊಲಿಗೆಯವಳಲ್ಲ. ಇಸ್ತ್ರಿ ವಿಭಾಗದ ಹಿಂಬಾಗಿಲ ಪಕ್ಕ, ತಗಡಿನ ಮಾಡಿನ ಕೆಳಗೆ, ಹನ್ನೊಂದು ವರ್ಷದಿಂದ ನಮಗೆಲ್ಲ ಶುಂಠಿ ಚಹಾ ಕಾಸುವವಳು. ಮಷೀನಿನ ಎಣ್ಣೆ ವಾಸನೆಗೆ ಹೊಟ್ಟೆ ತೊಳಸಿದವರು, ಬೆಳಿಗ್ಗೆ ತಿನ್ನದೆ ಓಡಿಬಂದು ಹೊಟ್ಟೆಯಲ್ಲಿ ಗಾಳಿ ತುಂಬಿಕೊಂಡವರು, ಕೆಮ್ಮಿ ಕೆಮ್ಮಿ ದನಿ ಹೋದವರು, ಎಲ್ಲರೂ ಅಲ್ಲಿಗೇ ಬಂದು ನಿಲ್ಲುವವರು. ಅತ್ತಿಗೆ ಒಬ್ಬೊಬ್ಬರ ಮುಖ ನೋಡಿ ಲೋಟ ಕೊಡುತ್ತಿದ್ದಳು. ಗಂಟಲು ಕೆಟ್ಟವರಿಗೆ ಹಾಲು ಹಾಕದ ಶುಂಠಿ ನೀರು, ಸ್ವಲ್ಪ ಆರಿದ ಮೇಲೆ ಜೇನು. ಎದೆಯುರಿ ಅಂದವಳಿಗೆ ಮಾತ್ರ ಲೋಟ ಹಿಂದಕ್ಕೆ. “ನಿನಗೆ ಇದು ಉರಿ ಮೇಲೆ ಉಪ್ಪು ಕಣೇ. ಬಿಸಿನೀರು ಕುಡಿ, ಹೋಗು.” ಬಸುರಿಯೊಬ್ಬಳು ವಾಂತಿ ತಡೆಯಲಾರದೆ ಬಂದಾಗ ಅರ್ಧ ಲೋಟ ಕೊಟ್ಟು, “ದಿನಾ ಕುಡಿಯೋ ಮುಂಚೆ ನಿನ್ನ ಡಾಕ್ಟರಮ್ಮನ್ನ ಕೇಳು. ನಾನು ಚಹಾ ಮಾಡೋಳು, ವೈದ್ಯೆ ಅಲ್ಲ” ಅಂದಿದ್ದಳು.

“ಹಾಗಾದ್ರೆ ಶುಂಠಿ ಏನು ವಾಸಿ ಮಾಡುತ್ತೆ ಅಕ್ಕ?” ಎಂದು ಕಾಜಾ ಅಕ್ಕ ಒಮ್ಮೆ ಕೆಣಕಿದ್ದಳು. ಅಂಗಿಯ ಗುಂಡಿ ತೂರುವ ಕಾಜಾ ಹಾಕುವ ಮಷೀನಿನ ಮುಂದೆ ಕೂರುವುದರಿಂದ ಅವಳಿಗೆ ಆ ಹೆಸರು. ಬಾಯಿಯೂ ಆ ಮಷೀನಿನಂಥದೇ, ಬಿದ್ದಲ್ಲಿ ತೂತು.

“ವಾಸಿ ಗೀಸಿ ಏನಿಲ್ಲ. ಹೊಟ್ಟೆ ತೊಳಸೋದು ತಗ್ಗುತ್ತೆ, ಗಾಳಿ ಇಳಿಯುತ್ತೆ, ಗಂಟಲಿಗೆ ಹಿತ. ಅಷ್ಟು ಸಾಲದಾ? ಹತ್ತು ನಿಮಿಷ ನೀನು ಕೂತ್ಕೊಳ್ತೀಯಲ್ಲ, ಅದು ಇನ್ನೂ ದೊಡ್ಡ ಔಷಧಿ.”

ಅವಳು ಚಹಾ ಮಾಡುವುದಕ್ಕೂ ಒಂದು ಕ್ರಮವಿತ್ತು. ನಾಲ್ಕು ಲೋಟಕ್ಕೆ ಹೆಬ್ಬೆರಳುದ್ದ ಹಸಿ ಶುಂಠಿ. ಮಣ್ಣು ಹೋಗುವಂತೆ ಉಜ್ಜಿ ತೊಳೆದು, ಚಮಚದ ಅಂಚಿನಿಂದ ಸಿಪ್ಪೆ ಕೆರೆದು, ಕಲ್ಲಿನಲ್ಲಿ ಜಜ್ಜಬೇಕು. ಎರಡೂವರೆ ಲೋಟ ನೀರಿಗೆ ಹಾಕಿ ಐದಾರು ನಿಮಿಷ ಕುದಿಸಬೇಕು. ನೀರು ಹೊಂಬಣ್ಣಕ್ಕೆ ತಿರುಗಿ ಹಬೆ ಮೂಗಿಗೆ ಚುರ್ರೆನ್ನಬೇಕು. ಆಮೇಲೆ ಚಹಾ ಪುಡಿ. ಎಲ್ಲಕ್ಕಿಂತ ಕೊನೆಗೆ ಹಾಲು, ಎರಡು ಉಕ್ಕು ಬಂದರೆ ಇಳಿಸು, ಸೋಸು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಅವಳಿಗೆ ನೆರವಾಗಲು ಹೋಗಿ, ಜಜ್ಜಿದ ಹಸಿ ಶುಂಠಿಯನ್ನು ನೇರ ಹಾಲಿಗೇ ಸುರಿದು ಒಲೆ ಹಚ್ಚಿದ್ದೆ. ಬಿಸಿಯೇರುತ್ತಿದ್ದಂತೆ ಹಾಲು ಒಡೆದು ಗಂಟುಗಂಟಾಯಿತು. ನನಗೆ ಅಳು ಬಂತು. ಅತ್ತಿಗೆ ನಕ್ಕಳು. “ಹಸಿ ಶುಂಠಿಗೆ ಹಲ್ಲಿರುತ್ತೆ ಹುಡುಗಿ. ಮೊದಲು ನೀರಲ್ಲಿ ಕುದಿಸಿ ಹಲ್ಲು ಕೀಳಬೇಕು. ಆಮೇಲೆ ಹಾಲಿನ ಜೊತೆ ಬಿಡಬೇಕು.” ನಮ್ಮಲ್ಲಿ ಪ್ರತಿಯೊಬ್ಬಳೂ ತನ್ನ ಮನೆಯ ಒಲೆಯ ಮುಂದೆ ಈ ತಪ್ಪನ್ನು ಒಮ್ಮೆ ಮಾಡಿದವಳೇ. ಎರಡನೆಯ ಸಲ ಮಾಡಿದವಳಿಲ್ಲ.

ಮಾಲೀಕರಿಗೆ ಒಬ್ಬ ಅಳಿಯ. ಅಳಿಯ ಅಲ್ಲ, ಮನೆಯಳಿಯ, ಎಂದು ಕಾಜಾ ಅಕ್ಕ ಪ್ರತಿಸಲವೂ ತಿದ್ದುತ್ತಿದ್ದಳು. ಮಾವನ ಕಾರ್ಖಾನೆಯಲ್ಲಿ ಅವನಿಗೊಂದು ಕೋಣೆ, ಕೋಣೆಯಲ್ಲೊಂದು ತಂಪು ಮಷೀನು, ತಲೆಯಲ್ಲಿ ದಿನಕ್ಕೊಂದು ವ್ಯಾಪಾರ. ಒಂದು ದಿನ ಬಂದು ಅತ್ತಿಗೆಯ ಚಹಾ ಕುಡಿದ, ಹೊಗಳಿದ, ಮೊಬೈಲಿನಲ್ಲಿ ನಾಲ್ಕು ಫೋಟೋ ಹೊಡೆದ. “ಆಫೀಸಿನ ಗೋಡೆಗೆ ಹಾಕೋಕೆ” ಅಂದ. ಮೂರು ತಿಂಗಳಿಗೆ ಆ ಮುಖ ಪೊಟ್ಟಣವಾಗಿ ಬಂತು. ಕೆಲಸದವರಿಗೆಲ್ಲ ಎರಡೆರಡು ಪೊಟ್ಟಣ ಬಿಟ್ಟಿ. ನಾನು ಬ್ಯಾಗಿಗೆ ಹಾಕಿಕೊಂಡು ಬಂದು ಮನೆಯ ಕಪಾಟಿನಲ್ಲಿಟ್ಟೆ. ಅತ್ತಿಗೆ ಒಮ್ಮೆ ನೋಡಿ, “ನನ್ನ ಮೂಗು ಇಷ್ಟು ದಪ್ಪ ಇದೆಯಾ?” ಎಂದಷ್ಟೇ ಕೇಳಿ ಮಲಗಿದಳು. ಅವಳು ಅಕ್ಷರ ಕೂಡಿಸಿ ಕೂಡಿಸಿ ಓದುವವಳು. ಅಂದು ದಣಿದಿದ್ದಳು, ಓದಲಿಲ್ಲ. ನಾನು ಸರಾಗ ಓದುವವಳು. ಓದಿ ನಕ್ಕು ಸುಮ್ಮನಾದೆ. ನನ್ನ ತಪ್ಪು ಅದು.

ಓದಿ ನಗದೆ ಇದ್ದವಳು ಅಮ್ಮ.

ಅಮ್ಮನಿಗೆ ಒಂಬತ್ತು ವರ್ಷದಿಂದ ರಕ್ತದೊತ್ತಡದ ಮಾತ್ರೆ. ಬೆಳಿಗ್ಗೆ ಒಂದು, ರಾತ್ರಿ ಒಂದು. ಪೊಟ್ಟಣ ಓದಿದ ಮೇಲೆ ಆರು ದಿನ ಅವಳು ಪುಡಿ ಕುಡಿದಳು, ಮಾತ್ರೆ ನುಂಗಲಿಲ್ಲ. ಅತ್ತಿಗೆ “ಮಾತ್ರೆ ಆಯ್ತಾ ಅತ್ತೆ?” ಎಂದು ಕೇಳಿದಾಗಲೆಲ್ಲ “ಆಯ್ತಮ್ಮ” ಎಂದು ಹೇಳಿ, ಮಾತ್ರೆಯನ್ನು ಗುಂಡಿಗಳ ಡಬ್ಬಿಯೊಳಗೆ ಹಾಕಿ ಮುಚ್ಚುತ್ತಿದ್ದಳು. ಏಳನೆಯ ಬೆಳಿಗ್ಗೆ ನಲ್ಲಿಯ ಹತ್ತಿರ ಕೊಡ ಎತ್ತಲು ಬಗ್ಗಿದವಳು ಏಳಲಿಲ್ಲ.

ಆಸ್ಪತ್ರೆಯ ಡಾಕ್ಟರಮ್ಮ ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿ ನೋಡಿ, ಮತ್ತೆ ನೋಡಿ, ಸೂಜಿ ಚುಚ್ಚಿದರು. ಇನ್ನೊಂದು ದಿನ ತಡವಾಗಿದ್ದರೆ ಒಂದು ಕೈ, ಒಂದು ಕಾಲು, ಬಾಯಿ, ಏನು ಬೇಕಾದರೂ ಹೋಗಬಹುದಿತ್ತು ಅಂದರು. ಸಂಜೆ ಅಮ್ಮ ಎದ್ದು ಕೂತಾಗ ಕೇಳಿದರು: “ಯಾರಮ್ಮ ನಿಮಗೆ ಮಾತ್ರೆ ಬಿಡೋಕೆ ಹೇಳಿದ್ದು?”

ಅಮ್ಮ ದಿಂಬಿನ ಪಕ್ಕದ ಚೀಲಕ್ಕೆ ಕೈ ಹಾಕಿ ಪೊಟ್ಟಣ ತೆಗೆದಳು. “ನಮ್ಮ ಸೊಸೆ. ಅವಳು ಸುಳ್ಳು ಹೇಳೋಳಲ್ಲ ಡಾಕ್ಟರಮ್ಮ. ನನ್ನ ಮಗ ಬೇಕಾದ್ರೆ ಹೇಳ್ತಾನೆ, ಇವಳು ಹೇಳಲ್ಲ.”

ಡಾಕ್ಟರಮ್ಮ ಪೊಟ್ಟಣದ ಮುಖ ನೋಡಿದರು. ಮಂಚದ ಕಾಲ ಬಳಿ ನಿಂತಿದ್ದ ಮುಖ ನೋಡಿದರು. ಅತ್ತಿಗೆ ಪೊಟ್ಟಣ ಕೈಗೆ ತಗೊಂಡು, ಗೋಡೆಗೆ ಒರಗಿ, ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಐದೂ ಸಾಲು ಓದಿದಳು. ಐದನೆಯದನ್ನು ಎರಡು ಸಲ.

“ಇದು ನಾನಲ್ಲ” ಅಂದಳು.

“ನೋಡಿ ಇವರೇ,” ಡಾಕ್ಟರಮ್ಮನ ದನಿ ಮೆತ್ತಗಾಯಿತು, “ಶುಂಠಿ ಚಹಾ ಒಳ್ಳೇದೇ. ನಾನೂ ಕುಡೀತೀನಿ. ಆದರೆ ಅದು ಮಾತ್ರೆಯ ಜಾಗಕ್ಕೆ ಬರಲ್ಲ. ರಕ್ತ ತೆಳ್ಳಗಾಗೋ ಮಾತ್ರೆ ತಗೊಳ್ಳೋರಂತೂ ಹೆಚ್ಚು ಶುಂಠಿ ತಿನ್ನೋ ಮುಂಚೆ ನಮ್ಮನ್ನ ಕೇಳಲೇಬೇಕು. ಈ ಪೊಟ್ಟಣ ಇನ್ನೂ ಎಷ್ಟು ಮನೆಗೆ ಹೋಗಿದೆ?”

ಆ ಪ್ರಶ್ನೆಯನ್ನು ಅತ್ತಿಗೆ ಮನೆಗೆ ಹೊತ್ತು ತಂದಳು. ಇನ್ನೂರು ಹೆಂಗಸರು, ಇನ್ನೂರು ಮನೆ. ಮನೆಗೊಬ್ಬಳು ಅತ್ತೆ, ಮನೆಗೊಬ್ಬ ಮಾವ. ಎಲ್ಲರಿಗೂ ಅವಳ ಮುಖ ಗೊತ್ತು, ಅವಳ ಮಾತಿನ ತೂಕ ಗೊತ್ತು. ಹನ್ನೊಂದು ವರ್ಷ ಒಬ್ಬೊಬ್ಬರ ಮುಖ ನೋಡಿ ಅಳೆದು ಆಡಿ ಗಳಿಸಿದ್ದ ಆ ನಂಬಿಕೆಯನ್ನೇ ಅವರು ಪೊಟ್ಟಣಕ್ಕೆ ತುಂಬಿದ್ದರು. ಒಳಗಿನ ಪುಡಿ ಬರೀ ನೆಪ.

ಮರುದಿನ ಊಟದ ಬಿಡುವಿನಲ್ಲಿ ನಾವು ಹದಿನೈದು ಮಂದಿ ಇಸ್ತ್ರಿ ಮೇಜಿನ ಸುತ್ತ ಕೂತು ಪೊಟ್ಟಣದ ಹಿಂಬದಿ ಓದಿದೆವು. ಸೂಜಿಗೆ ದಾರ ಪೋಣಿಸುವ ಕಣ್ಣು ನಮ್ಮದು. ಎಷ್ಟು ಸಣ್ಣ ಅಕ್ಷರವಾದರೂ ಸಿಕ್ಕಿಬೀಳುತ್ತದೆ. ಸಕ್ಕರೆ, ನೂರಕ್ಕೆ ಎಪ್ಪತ್ತೆಂಟು. ಹಾಲಿನ ಪುಡಿ. ಬಣ್ಣ. ಶುಂಠಿಯ ಪರಿಮಳ.

“ಸಕ್ಕರೆ ಕಾಯಿಲೆಗೆ ಸಕ್ಕರೆಯೇ ಮದ್ದಾ?” ಎಂದಳು ಕಾಜಾ ಅಕ್ಕ. “ಸಾಲಕ್ಕೆ ಸಾಲವೇ ಮದ್ದು ಅಂತ ನನ್ನ ಗಂಡ ಹೇಳ್ತಾನಲ್ಲ, ಹಂಗಾಯ್ತು.”

“ಶುಂಠಿ ಎಲ್ಲಿ?” ಎಂದು ಅತ್ತಿಗೆ ಕೇಳಿದಳು.

“ಪರಿಮಳ ಅಂತಿದೆ ಅತ್ತಿಗೆ. ಶುಂಠಿ ಇಲ್ಲ.”

ಅಂದು ಸಂಜೆ ಅತ್ತಿಗೆ ಅಳಿಯನ ಕೋಣೆಗೆ ಹೋದಳು. ನಾನು ಜೊತೆಗಿದ್ದೆ. ಅವನು ಕುರ್ಚಿ ತೋರಿಸಲಿಲ್ಲ.

“ನನ್ನನ್ನ ಕೇಳದೆ ನನ್ನ ಮುಖ ಹಾಕಿದೀರಿ. ನಾನಾಡದ ಮಾತು ಬರೆದಿದೀರಿ. ನಮ್ಮತ್ತೆ ಸಾಯೋಕೆ ಬಿದ್ದಿದ್ರು.”

“ಏಯ್, ನಿನ್ನನ್ನ ಊರೆಲ್ಲ ನೋಡ್ತಿದೆ. ಖುಷಿ ಪಡೋದು ಬಿಟ್ಟು...” ಅವನು ಆ ಐದು ಸಾಲು ಬರೆದ ಒಪ್ಪಿಗೆ ಕಾಗದವೊಂದನ್ನು ಮುಂದಕ್ಕೆ ತಳ್ಳಿದ. “ನಾಳೆ ಶನಿವಾರ ಕ್ಯಾಂಟೀನಿನಲ್ಲಿ ಪುಡಿಯ ಬಿಡುಗಡೆ. ಅಂಗಡಿಯೋರು ಬರ್ತಾರೆ, ಪತ್ರಿಕೆಯೋರು ಬರ್ತಾರೆ. ಇದಕ್ಕೆ ಸಹಿ ಹಾಕು. ಬಂದು ನಿಂತ್ಕೊಂಡು ಐದು ಸಾಲು ಹೇಳು. ಐದೇ. ಇಲ್ಲಾಂದ್ರೆ ನಿನ್ನ ತಗಡಿನ ಮಾಡಿನ ಕೆಳಗೆ ನನ್ನ ಪುಡಿಯ ಮಷೀನು ಕೂತಿರುತ್ತೆ, ನೀನು ಮನೇಲಿ ಕೂತಿರ್ತೀಯ.”

ಅತ್ತಿಗೆ ಕಾಗದ ಮುಟ್ಟಲಿಲ್ಲ. “ನಾಳೆ ಬರ್ತೀನಿ” ಅಂದಳು.

ಹೊರಗೆ ಬಂದ ಮೇಲೆ ನಾನು ಅವಳ ಸೆರಗು ಹಿಡಿದೆಳೆದೆ. “ಒಪ್ಕೊಂಡ್ಯಾ?”

“ಬರ್ತೀನಿ ಅಂದೆ. ಹೇಳ್ತೀನಿ ಅಂದ್ನಾ?”

ಶನಿವಾರ ಕ್ಯಾಂಟೀನಿನ ಬೆಂಚುಗಳನ್ನು ಒರೆಸಿ, ಮುಂದೆ ಅಂಗಡಿಯವರನ್ನು, ಅವರ ಪಕ್ಕ ಪತ್ರಿಕೆಯ ಹೆಂಗಸನ್ನು, ಮಧ್ಯದಲ್ಲಿ ಮಾಲೀಕರನ್ನು ಕೂರಿಸಿದರು. ಹಿಂದಿನ ಸಾಲುಗಳನ್ನು ತುಂಬಿಸಲು ನಮ್ಮನ್ನು ಮಷೀನಿನಿಂದ ಎಬ್ಬಿಸಿ ತಂದರು. ಕೆಲಸದ ಹೊತ್ತಿನಲ್ಲಿ ನಮ್ಮನ್ನು ಸುಮ್ಮನೆ ಕೂರಿಸಿದ್ದು ಅದೇ ಮೊದಲು. ಆಸ್ಪತ್ರೆಯಿಂದ ಬಿಡಿಸಿಕೊಂಡು ಬಂದಿದ್ದ ಅಮ್ಮನೂ ಅಲ್ಲಿದ್ದಳು. ಬೇಡವೆಂದರೂ ಕೇಳದೆ, ಅಂದಿನ ಮಾತ್ರೆಯನ್ನು ನನ್ನ ಕಣ್ಣೆದುರೇ ನುಂಗಿ, ನಾಲಿಗೆ ಎತ್ತಿ ತೋರಿಸಿ ಬಂದಿದ್ದಳು.

ವೇದಿಕೆಯ ಮೇಲೆ ಮೇಜು, ಮೇಜಿನ ಮೇಲೆ ಗ್ಯಾಸ್ ಒಲೆ, ಗಾಜಿನ ಪಾತ್ರೆ, ಹಾಲು. ಅಲಂಕಾರಕ್ಕೆ ಒಂದು ಬುಟ್ಟಿ ತುಂಬ ಹಸಿ ಶುಂಠಿ, ಮಣ್ಣು ತೊಳೆದು ಹೊಳೆಯುವಂಥದ್ದು. ಅತ್ತಿಗೆಯನ್ನು ಮೂಲೆಯಲ್ಲಿ ನಿಲ್ಲಿಸಿದ್ದರು, ಪೊಟ್ಟಣದ ದೊಡ್ಡ ಚಿತ್ರದ ಪಕ್ಕ.

“ಮನೇಲಿ ಶುಂಠಿ ಚಹಾ ಮಾಡೋದು ಎಷ್ಟು ಕಷ್ಟ ಅಂತ ಮೊದಲು ತೋರಿಸ್ತೀನಿ” ಎಂದು ಅಳಿಯ ಮೈಕು ಹಿಡಿದ. ಅಂಗಿಯ ತೋಳು ಮಡಚಿದ. ಆ ತೋಳಿನ ಪಟ್ಟಿ ಹೊಲಿದದ್ದು ನಮ್ಮ ಲೈನು. “ಆಮೇಲೆ ನಮ್ಮ ಪುಡಿಯಲ್ಲಿ ಎಷ್ಟು ಸುಲಭ ಅಂತ ನೋಡಿ.”

ಅವನು ಗಾಜಿನ ಪಾತ್ರೆಗೆ ಹಾಲು ಸುರಿದ. ತುರಿಮಣೆ ತಗೊಂಡು ಶುಂಠಿಯನ್ನು ಸಿಪ್ಪೆಸಮೇತ ನೇರ ಹಾಲಿಗೇ ತುರಿಯತೊಡಗಿದ. ಒಂದು ತುಂಡು, ಎರಡು ತುಂಡು.

ಇನ್ನೂರು ಹೆಂಗಸರಿಗೆ ಮುಂದೆ ಏನಾಗುತ್ತದೆಂದು ಗೊತ್ತಿತ್ತು. ಒಬ್ಬಳೂ ತುಟಿ ಬಿಚ್ಚಲಿಲ್ಲ. ಕಾಜಾ ಅಕ್ಕ ನನ್ನ ತೊಡೆ ಚಿವುಟಿದಳು. “ಸುಮ್ನಿರೇ,” ಎಂದು ಪಿಸುಗುಟ್ಟಿದಳು, “ಮೂರನೇ ತುಂಡೂ ಹಾಕ್ಲಿ.”

ಮೂರನೆಯದನ್ನೂ ಹಾಕಿದ. ಒಲೆ ಹಚ್ಚಿದ. ಕ್ಯಾಮೆರಾದವನು ಪಾತ್ರೆಯ ಹತ್ತಿರ ಬಗ್ಗಿದ. ಗಾಜಿನ ಪಾತ್ರೆಯಾದ್ದರಿಂದ ಹಿಂದಿನ ಸಾಲಿಗೂ ಚೆನ್ನಾಗಿ ಕಂಡಿತು: ಅಂಚಿನಲ್ಲಿ ಮೊದಲು ಒಂದು ಬಿರುಕು, ಆಮೇಲೆ ಬಿಳಿ ಗಂಟುಗಳು, ಗಂಟುಗಳ ನಡುವೆ ಹಳದಿ ನೀರು.

“ಹಾಲು ಕೆಟ್ಟಿದೆ” ಅಂದ ಅಳಿಯ. “ಬೇರೆ ತನ್ನಿ!”

ಬೇರೆ ಪ್ಯಾಕೆಟ್ ಬಂತು, ಬೆಳಗಿನದ್ದು. ಪಾತ್ರೆ ತೊಳೆದರು. ಮತ್ತೆ ಹಾಲು, ಮತ್ತೆ ಹಾಲಿಗೇ ಶುಂಠಿ. ಮತ್ತೆ ಒಡೆಯಿತು. ಈ ಸಲ ಇನ್ನೂ ಬೇಗ. ಅಂಗಡಿಯವರು ಒಬ್ಬರನ್ನೊಬ್ಬರು ನೋಡಿಕೊಂಡರು. ಮಾಲೀಕರು ಕರವಸ್ತ್ರ ತೆಗೆದರು. ಅಳಿಯ ಬೆವರು ಒರೆಸಿಕೊಂಡು, ನಕ್ಕು, ಪಾತ್ರೆ ತೊಳೆಸಿ ಮೂರನೆಯ ಸಲ ಹಾಲು ಸುರಿದು ಅದಕ್ಕೆ ತನ್ನ ಪೊಟ್ಟಣ ಹರಿದು ಹಾಕಿದ. ಕುದಿಸಿದ. ಹಾಲು ಹಾಲಾಗಿಯೇ ಉಳಿಯಿತು.

“ನೋಡಿದ್ರಾ!” ಮೈಕು ಕಿರುಚಿತು. “ನಮ್ಮ ಪುಡಿ ಹಾಕಿದ್ರೆ ಹಾಲು ಒಡೆಯೋದೇ ಇಲ್ಲ!”

“ಶುಂಠಿ ಇದ್ರೆ ತಾನೇ ಸ್ವಾಮಿ ಒಡೆಯೋಕೆ!”

ಅದು ಅಮ್ಮ. ಮೈಕು ಬೇಕಾಗಿರಲಿಲ್ಲ. ಇನ್ನೂರು ಬಾಯಿ ಒಟ್ಟಿಗೇ ನಕ್ಕವು. ತಗಡಿನ ಚಾವಣಿ ಅದುರಿತು. ಮುಂದಿನ ಸಾಲಿನ ಅಂಗಡಿಯವರೂ ನಕ್ಕರು. ಪತ್ರಿಕೆಯ ಹೆಂಗಸು ಪೆನ್ನು ತೆಗೆದಳು.

ನಗು ಇಳಿಯುವ ಮುಂಚೆಯೇ ಅತ್ತಿಗೆ ಮೂಲೆಯಿಂದ ಬಂದು ಮೈಕು ಹಿಡಿದಿದ್ದಳು. “ನಮ್ಮತ್ತೆ ಮಾತು ಪೂರ್ತಿ ನ್ಯಾಯ ಅಲ್ಲ” ಅಂದಳು. ಅಳಿಯನ ಮುಖಕ್ಕೆ ಜೀವ ಬಂತು. “ಒಣಗಿಸಿ ಪುಡಿ ಮಾಡಿದ ಶುಂಠಿ ಆಗಿದ್ರೂ ಹಾಲು ಒಡೆಯದೇ ಇರಬಹುದು. ಅದನ್ನ ನಾನು ಒಪ್ತೀನಿ. ಆದ್ರೆ ಇದರಲ್ಲಿ ಒಣಶುಂಠಿನೂ ಇಲ್ಲ. ಹಿಂದುಗಡೆ ಇವರೇ ಬರೆದಿದಾರೆ.” ಪೊಟ್ಟಣ ತಿರುಗಿಸಿ ಬೆರಳಿಟ್ಟು ಓದಿದಳು. ಅಕ್ಷರ ಕೂಡಿಸಿ ಕೂಡಿಸಿ, ನಿಧಾನವಾಗಿ. ಸ-ಕ್ಕ-ರೆ. ನೂ-ರ-ಕ್ಕೆ ಎ-ಪ್ಪ-ತ್ತೆಂ-ಟು. ಅಷ್ಟು ನಿಧಾನವಾಗಿ ಓದಿದ್ದರಿಂದ ಒಂದು ಅಕ್ಷರವೂ ಯಾರ ಕಿವಿಗೂ ತಪ್ಪಲಿಲ್ಲ.

“ಇದನ್ನ ಕುಡಿದು ಮಾತ್ರೆ ಬಿಟ್ಟಿರೋರು ನಿಮ್ಮ ಮನೇಲಿ ಯಾರಾದ್ರೂ ಇದ್ರೆ ಇವತ್ತೇ ಡಾಕ್ಟರ ಹತ್ರ ಕರ್ಕೊಂಡು ಹೋಗಿ. ನಾನು ಬಿಡಿ ಅಂದಿಲ್ಲ. ನನ್ನ ಮುಖ ನಂಬಬೇಡಿ. ನಾನು ನಿಮ್ಮ ಮುಂದೆ ನಿಂತು ಬಾಯಿಬಿಟ್ಟು ಹೇಳಿದ್ದನ್ನ ನಂಬಿ.”

ಎರಡನೆಯ ಸಾಲಿನಲ್ಲಿ ಒಬ್ಬಳು ಎದ್ದು ನಿಂತಳು. “ನಮ್ಮ ಮಾವ ಬಿಟ್ಟಿದಾರೆ ಅಕ್ಕ.” ಆ ಕಡೆಯಿಂದ ಇನ್ನೊಬ್ಬಳು. “ನಮ್ಮಮ್ಮ.” ಕಿಟಕಿಯ ಬಳಿಯಿಂದ ಮತ್ತೊಬ್ಬಳು. ಮೊದಲನೆಯವಳು ಯಾರನ್ನೂ ಕೇಳದೆ ಬಾಗಿಲಿನಿಂದ ಹೊರಗೆ ಓಡಿದಳು. ಉಳಿದಿಬ್ಬರು ಅವಳ ಹಿಂದೆ. ಬಾಗಿಲಲ್ಲಿ ನಿಂತಿದ್ದ ಸೂಪರ್‌ವೈಸರ್ ದಾರಿ ಬಿಟ್ಟ. ಅಷ್ಟು ಸುಲಭವಾಗಿ ಅವನು ದಾರಿ ಬಿಟ್ಟದ್ದನ್ನು ನಾನು ಕಂಡಿರಲಿಲ್ಲ.

ಅವರು ಹೋಗುವುದನ್ನು ಅತ್ತಿಗೆ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಹುಡುಗಿ, ನನ್ನ ದೊಡ್ಡ ಪಾತ್ರೆ ತಗೊಂಡ್ಬಾ. ಕಲ್ಲೂ ತಾ.”

ಕಾಜಾ ಅಕ್ಕನೂ ನಾನೂ ಓಡಿದೆವು. ಬುಟ್ಟಿಯ ಅಲಂಕಾರದ ಶುಂಠಿ ಕೆಲಸಕ್ಕೆ ಬಂತು. ನಾಲ್ವರು ಸಿಪ್ಪೆ ಕೆರೆದರು, ಇಬ್ಬರು ಜಜ್ಜಿದರು. ನೀರು ಮೊದಲು, ಶುಂಠಿ ಆಮೇಲೆ. ಆ ಸಣ್ಣ ಒಲೆಯ ಮೇಲೆ ದೊಡ್ಡ ಪಾತ್ರೆ ಕುದಿಯುವಷ್ಟು ಹೊತ್ತೂ ಯಾರೂ ಜಾಗ ಬಿಟ್ಟು ಏಳಲಿಲ್ಲ. ನೀರು ಹೊಂಬಣ್ಣವಾಯಿತು. ಹಬೆ ಕ್ಯಾಂಟೀನಿನ ತುಂಬ ಹರಡಿ, ಮುಂದಿನ ಸಾಲಿನ ದಪ್ಪನೆಯ ಅಂಗಡಿಯವರೊಬ್ಬರು ಸೀನಿದರು. ಚಹಾ ಪುಡಿ ಬಿತ್ತು. ಕೊನೆಗೆ, ಎಲ್ಲರಿಗೂ ಕಾಣುವಂತೆ ಎತ್ತರದಿಂದ, ಅದೇ ಬೆಳಗಿನ ಹಾಲು. ಇನ್ನೂರು ಜೊತೆ ಕಣ್ಣು ಪಾತ್ರೆಯ ಮೇಲೆ. ಹಾಲು ಒಡೆಯಲಿಲ್ಲ. ಒಂದು ಉಕ್ಕು ಬಂತು, ಎರಡನೆಯದು ಬಂತು. ಯಾರೋ ಚಪ್ಪಾಳೆ ತಟ್ಟಿದರು. ಚಹಾ ಉಕ್ಕಿದ್ದಕ್ಕೆ ಚಪ್ಪಾಳೆ ಬಿದ್ದದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಮೊದಲ ಲೋಟ ಅಮ್ಮನಿಗೆ. ಎರಡನೆಯದು ಪತ್ರಿಕೆಯ ಹೆಂಗಸಿಗೆ. ಉಳಿದದ್ದು ಅಂಗಡಿಯವರಿಗೂ ನಮ್ಮ ಒಂದು ಲೈನಿಗೂ ಸಾಲಿತು. ಸೀನಿದ ಅಂಗಡಿಯವರು ಕುಡಿದು ಲೋಟ ಕೆಳಗಿಟ್ಟು, ತೊಡೆಯ ಮೇಲಿದ್ದ ಮಾದರಿ ಪೊಟ್ಟಣಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿ, “ಇವು ನನಗೆ ಬೇಡ” ಅಂದರು. ಉಳಿದವರೂ ತಂದು ಅವುಗಳ ಮೇಲೆ ಪೇರಿಸಿದರು. ಪೊಟ್ಟಣಗಳ ಗುಡ್ಡದಿಂದ ಅತ್ತಿಗೆಯ ಮುಖ ಹತ್ತಾರು ಕಡೆ ನೋಡುತ್ತಿತ್ತು.

ಆಗ ಮಾಲೀಕರು ಎದ್ದರು. ನಿಧಾನವಾಗಿ ವೇದಿಕೆ ಹತ್ತಿದರು. ಅಳಿಯ ಆ ಒಪ್ಪಿಗೆ ಕಾಗದ ಕೊಟ್ಟ. ಅವರು ಪೆನ್ನು ಬಿಚ್ಚಿ ಐದನೆಯ ಸಾಲನ್ನು ಹೊಡೆದು ಹಾಕಿದರು. ಮೈಕು ಪಕ್ಕಕ್ಕೆ ಸರಿಸಿ ಮಾತಾಡಿದರು, ಆದರೆ ಮೊದಲ ಸಾಲಿಗೆ ಬಂದು ಕೂತಿದ್ದ ನನಗೆ ಕೇಳಿಸಿತು.

“ಆಯ್ತಮ್ಮ. ಮಾತ್ರೆ ವಿಷಯ ತೆಗೆದಿದೀನಿ. ಉಳಿದ ನಾಲ್ಕು ಸಾಲು ಇರಲಿ. ಒಲೆ ಆರಿಸು. ಇಲ್ಲಿ ಸಹಿ ಹಾಕು. ಎಲ್ಲರನ್ನೂ ಮಷೀನಿಗೆ ಕಳಿಸು. ನಿನ್ನ ಚಹಾ ಜಾಗ ನಿನಗೇ ಇರುತ್ತೆ.”

ಗಂಟೆ ಹೊಡೆಯಿತು. ಮಷೀನಿಗೆ ಮರಳುವ ಗಂಟೆ. ನಾಲ್ಕು ಲೈನಿನಲ್ಲಿ ಒಬ್ಬಳೂ ಏಳಲಿಲ್ಲ. ಕಾಜಾ ಅಕ್ಕ ಕಾಲ ಮೇಲೆ ಕಾಲು ಹಾಕಿ ಇನ್ನೂ ಆರಾಮಾಗಿ ಕೂತಳು.

ಅತ್ತಿಗೆ ಕಾಗದ ನೋಡಲಿಲ್ಲ. ಖಾಲಿಯಾದ ಪಾತ್ರೆಗೆ ಕೊಡದಿಂದ ನೀರು ಸುರಿದು ಒಲೆಯ ಮೇಲಿಟ್ಟಳು. ಉಳಿದ ಶುಂಠಿಯನ್ನು ಕಲ್ಲಿನ ಮೇಲಿಟ್ಟು ಒಂದೇ ಏಟಿಗೆ ಜಜ್ಜಿದಳು.

“ಆರಿಸಲ್ಲ ಸಾರ್. ಸಹಿನೂ ಹಾಕಲ್ಲ. ನನ್ನ ಮುಖ ಆ ಪೊಟ್ಟಣದಿಂದ ಇಳಿಯೋವರೆಗೆ ಇಲ್ಲಿಂದ ನಾನೂ ಇಳಿಯಲ್ಲ.” ಬೆಂಕಿಯನ್ನು ಇನ್ನಷ್ಟು ದೊಡ್ಡದು ಮಾಡಿದಳು. “ಮೂರು ಲೈನಿಗೆ ಇನ್ನೂ ಚಹಾ ಸಿಕ್ಕಿಲ್ಲ.”